ಐದು ತಾಲೂಕು, ಹದಿನೇಳು ಅಕ್ಷರ

ನಾವು ಐದು ಮಂದಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ತಾಲೂಕಿಗೆ ಒಬ್ಬರಂತೆ. ಎಲ್ಲರೂ ಇಂಗ್ಲಿಷ್ ಮೀಡಿಯಂ. ಕನ್ನಡದಾಗ ಪರೀಕ್ಷೆಯ ಉತ್ತರ ಬಿಟ್ಟು ಏನನ್ನೂ ಬರೆದವರಲ್ಲ. ಹೈಕು ಆರಿಸಿಕೊಂಡದ್ದು ಮೂರೇ ಸಾಲು, ಲಗೂನ ಮುಗೀತದ ಅಂತ. ಮೂರು ವಾರ ಹಿಡೀತು.

ಹೈಕು ಜಪಾನಿನದು. ಸಾಲುಗಳಿಗೆ 5, 7, 5, ಒಟ್ಟು 17. ಆದರೆ 17 ಏನು? ಇಲ್ಲೇ ನಮ್ಮ ಮೊದಲ ಜಗಳ. ಜಪಾನಿಯಲ್ಲಿ ಎಣಿಸೋದು ಉಚ್ಚಾರಕ್ಕೆ ಹಿಡಿಯುವ ಕಾಲವನ್ನು. ದೀರ್ಘಸ್ವರಕ್ಕೆ ಎರಡು ಲೆಕ್ಕ, ಹಿಂಗಾಗಿ 'ಟೋಕ್ಯೋ' ಅಂದರೆ ನಾಲ್ಕು. ಅರೆ, ಇದು ಹೈಸ್ಕೂಲಿನಲ್ಲಿ ಕಾಡಿದ ಲಘು-ಗುರು ಮಾತ್ರೆ ಲೆಕ್ಕದಂಗೇ ಅದ! ಆದರೆ ಆ ಲೆಕ್ಕದಲ್ಲಿ 'ನಿಪ್ಪಾಣಿ' 2+2+1, ಐದು ಮಾತ್ರೆ. 'ಚಿಕ್ಕೋಡಿ'ನೂ ಐದು. ಊರ ಹೆಸರು ಬರೆದರೆ ಮೊದಲ ಸಾಲು ಖಲಾಸ್. ಅದಕ್ಕೆ ಅಕ್ಷರಾನೇ ಎಣಿಸೋಣ ಅಂದೆವು. ಒತ್ತಕ್ಷರವೂ ಒಂದೇ, ಸೊನ್ನೆಗೆ ಬೇರೆ ಲೆಕ್ಕ ಇಲ್ಲ. ನಿಪ್ಪಾಣಿ ಮೂರಾಯ್ತು, ಎರಡು ಉಳೀತು.

ಹೈಕುದಾಗ ಋತು ಸೂಚಿಸುವ ಒಂದು ಪದ ಬೇಕು, 'ಕಿಗೊ' ಅಂತಾರೆ. ನಾವು ಬರೆದದ್ದು ನೋಡ್ರಿ:

ಹಿಮ ಬಿದ್ದೈತಿ
ಚೆರ್ರಿ ಹೂವಿನ ಮ್ಯಾಲೆ

ಮೂರನೇ ಸಾಲಿನ ತನಕ ಹೋಗಲೇ ಇಲ್ಲ. ಅಥಣಿ ಗೆಳೆಯನ ಅಜ್ಜಿ ಕೇಳಿ, "ಯಪ್ಪಾ, ಹಿಮ ಎಲ್ಲಿ ನೋಡೀರಿ?" ಅಂದರು. ಫ್ರಿಜ್ಜಿನೊಳಗ! ಆಮೇಲೆ ಅವರೇ ಮಳಿ ಹೆಸರು ಹೇಳಿದರು: ಮಿರಗ, ಆರಿದ್ರಾ, ಮಘಿ, ಹುಬ್ಬಿ, ಉತ್ತರಿ. ಸುಮಾರು ಎರಡು ವಾರಕ್ಕೊಂದು. ಅಥಣಿ ಕಡೆ ಮಳಿ ಕಡಿಮೆ, ಹೆಸರಿಗೇನೂ ಬರಗಾಲ ಇಲ್ಲ. ನಾವು ನಾಲ್ಕು ಮಂದಿಗೆ ಒಂದೂ ಗೊತ್ತಿರಲಿಲ್ಲ. ಜಪಾನಿನವರು ಇಂಥ ಪದಗಳಿಗೆ 'ಸೈಜಿಕಿ' ಅಂತ ಪುಸ್ತಕಾನೇ ಮಾಡಿದ್ದಾರೆ. ನಮ್ಮದು ಅಜ್ಜಿ ಬಾಯಾಗದ. ಅವರು ಬೀಸುವ ಪದಾನೂ ಹಾಡಿದರು. ಅದೂ ಮೂರು ಸಾಲು, ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿ ಇದೆ. ಮೂರು ಸಾಲು ನಮಗೇನು ಹೊಸದಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣಾ ಹೊಳಿ ಉಕ್ಕಿದಾಗ ಕಾಗವಾಡ ಗೆಳತಿಯ ಮನಿಯೊಳಗ ನೀರು ಬಂದಿತ್ತು. ಅವಳು ಬರೆದಳು:

ಗೋಡಿ ಮ್ಯಾಲಿನ್ನೂ
ಹೊಳಿ ನೀರಿನ ಗೆರಿ
ಎಂಥಾ ದುಃಖವೋ

ಲೆಕ್ಕ ಬರೋಬ್ಬರಿ. ಆದರೂ ಮೂರನೇ ಸಾಲು ಬಂದಕೂಡಲೇ ಗೋಡಿ ಮಾಯ ಆತು. ಹೈಕುದಾಗ ಎರಡು ಚಿತ್ರ ಪಕ್ಕಪಕ್ಕ ಇಟ್ಟು, ನಡುವೆ ಒಂದು ಕಡಿತ ಕೊಟ್ಟು, ಸುಮ್ಮನಾಗಬೇಕು. ದುಃಖ ಅನ್ನೋ ಪದ ತೆಗಿ, ಆ ಗೆರಿ ಎಷ್ಟು ಎತ್ತರ ಐತಿ ಹೇಳು ಅಂದೆವು. ಅವಳು ಕೈ ಎತ್ತಿ ತೋರಿಸಿದಳು, ಆಮೇಲೆ ಪೆನ್ನು ತಗೊಂಡಳು.

ಗೋಡಿ ಮ್ಯಾಲಿನ್ನೂ
ಹೊಳಿ ನೀರಿನ ಗೆರಿ—
ತಂಗಿ ಎತ್ತರ

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲೊಬ್ಬ, "ತಂಗಿ ಬೆಳೀತಾಳ, ಮುಂದಿನ ವರ್ಷ ಸಾಲು ಬದಲಿಸಬೇಕಾಗ್ತದ" ಅಂದ.

"ಬದಲಿಸೋಣ" ಅಂದಳು. "ಗೆರಿ ಬೆಳೀದಿದ್ರ ಸಾಕು."