ಗಾಡಿ ಒರೆಸುವ ಬಟ್ಟೆ: ನಾನು ತಪ್ಪಿ ಕಲಿತದ್ದು

2019ರ ಏಪ್ರಿಲ್‌ನಲ್ಲಿ ತಂಗಿಯ ಮಗಳ ಮದುವೆ. ಓಡಾಟಕ್ಕೆ ನಮ್ಮ ಹಳೇ ಓಮ್ನಿ ಸಾಲದು ಅಂತ ಪಕ್ಕದ ತೋಟದವನ ಹೊಸ ಕಾರನ್ನು ಎರಡು ದಿನಕ್ಕೆ ಕೇಳಿ ತಂದಿದ್ದೆ. ಕಪ್ಪು ಬಣ್ಣದ ಕಾರು, ತಂದು ಆರು ತಿಂಗಳೂ ಆಗಿರಲಿಲ್ಲ. ಮದುವೆ ಮುಗಿಯಿತು. ನಮ್ಮದು ಮಣ್ಣಿನ ದಾರಿ, ಗಾಡಿ ಕೆಂಪು ಧೂಳಿನಲ್ಲಿ ಮಿಂದಿತ್ತು. ಹಾಗೇ ಕೊಟ್ಟರೆ ಮರ್ಯಾದೆಯಲ್ಲ ಎಂದು ಅರ್ಧ ಬಕೆಟ್ ನೀರು ಇಟ್ಟುಕೊಂಡು, ಹೆಗಲ ಮೇಲಿದ್ದ ಬೈರಾಸನ್ನೇ ಅದ್ದಿ ಅದ್ದಿ ಚೆನ್ನಾಗಿ ತಿಕ್ಕಿ ಒರೆಸಿದೆ. ಮಾಡಿನ ನೆರಳಲ್ಲಿ ಫಳಫಳ ಹೊಳೆಯಿತು. ನಾನೂ ಹಿಗ್ಗಿದೆ.

ಮರುದಿನ ಬೆಳಗ್ಗೆ ಅವನ ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದ ಗಾಡಿ ನೋಡಿದಾಗ ಎದೆ ಧಸಕ್ಕೆಂದಿತು. ಬಾನೆಟ್ ತುಂಬ ಜೇಡರ ಬಲೆ ಹಾಸಿದ ಹಾಗೆ ಸಣ್ಣ ಸಣ್ಣ ಗೀರು. ಅವನೂ ನೋಡಿದ್ದ. "ಇರಲಿ ಭಾವಾ, ಗಾಡಿ ಅಂದ ಮೇಲೆ ಗೀರು ಬೀಳದೆ ಇರ್ತದಾ?" ಎಂದ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ ಎರಡು ತಿಂಗಳು ನಾನು ಅವನ ಅಂಗಳಕ್ಕೆ ಹೋಗುವುದನ್ನೇ ತಪ್ಪಿಸಿದೆ. ರಾತ್ರಿ ಹೊತ್ತಿಗೆ ಅಮ್ಮನಿಗೆ ಉಬ್ಬಸ ಜಾಸ್ತಿಯಾದಾಗ ಕೂಡ ಅವನನ್ನು ಕರೆಯಲು ಬಾಯಿ ಬರಲಿಲ್ಲ, ದೂರದ ಬಾಡಿಗೆ ಗಾಡಿಗೆ ಫೋನ್ ಮಾಡಿದೆ. ಒಂದು ಬಟ್ಟೆ ತುಂಡು ಇಷ್ಟು ಕೆಲಸ ಮಾಡಿತು.

ಕೊನೆಗೆ ನಾನೇ ಅವನನ್ನು ಒತ್ತಾಯಿಸಿ ಪೇಟೆಯ ಒಂದು ಪೈಂಟಿಂಗ್ ಗ್ಯಾರೇಜಿಗೆ ಗಾಡಿ ಕೊಂಡುಹೋದೆವು. ಅಲ್ಲಿಯ ಹಿರಿಯ ಕೆಲಸಗಾರ ಮೊಬೈಲಿನ ಟಾರ್ಚ್ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ಯಾವ ಬಟ್ಟೆಯಲ್ಲಿ ಒರೆಸಿದ್ದು?" ಬೈರಾಸು ಎಂದೆ. "ಅದೇ ಬೈರಾಸಿನಲ್ಲಿ ತೋಟದ ಕೆಲಸ ಮಾಡಿದ್ದು ಉಂಟಾ?" ಉಂಟು, ಮತ್ತೆ ಬೈರಾಸು ಇರೋದೇ ಅದಕ್ಕಲ್ವಾ! ಅವರು ನಕ್ಕರು. ಅವತ್ತು ಅವರು ಹೇಳಿದ್ದು, ಆಮೇಲೆ ನಾನು ನಾಲ್ಕಾರು ಬಟ್ಟೆ ತಂದು ಬಳಸಿ ನೋಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಯೋಚಿಸಿದರೆ ನನಗೇ ನಾಚಿಕೆ. ಜೇನು ಸೋಸಲು ಒಂದು ಬಟ್ಟೆ, ಹಾಲಿಗೆ ಒಂದು, ಬೋರ್ಡೋ ದ್ರಾವಣಕ್ಕೆ ನೈಲಾನ್ ಬಲೆ – ಇದರಲ್ಲಿ ಒಂದನ್ನು ಇನ್ನೊಂದಕ್ಕೆ ನಾವು ಎಂದೂ ಬಳಸುವುದಿಲ್ಲ. ಜೀವಮಾನದ ಉಳಿತಾಯ ಹಾಕಿ ತಂದ ಗಾಡಿಗೆ ಮಾತ್ರ ಕೈಗೆ ಸಿಕ್ಕಿದ ಚಿಂದಿ.

ಗೀರು ಬೀಳೋದು ಹೇಗೆ?

ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಹೊಳಪು ಕೊಡುವ ಕ್ಲಿಯರ್ ಕೋಟ್ 40-50 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತಲೂ ತೆಳು. ಅದು ಒಂದು ಥರದ ಪ್ಲಾಸ್ಟಿಕ್, ಮೆದು. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಬೆಣಚುಕಲ್ಲಿನ ಹರಳು ಇರುತ್ತದೆ. ಕಲ್ಲುಗಳ ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಬೆಣಚು 7ನೆಯದು, ಗಾಜು ಐದೂವರೆಯ ಆಸುಪಾಸು. ಗಾಜನ್ನೇ ಗೀರುವ ಹರಳನ್ನು ಬಟ್ಟೆಯಲ್ಲಿ ಸುತ್ತಿ ಮೆದು ಲೇಪದ ಮೇಲೆ ಉಜ್ಜಿದರೆ ಅದು ಬಡಗಿಯ ಸ್ಯಾಂಡ್ ಪೇಪರೇ.

ಗೀರುಗಳು ದುಂಡಗೆ ಕಾಣುವುದಕ್ಕೆ ನಾನು ದುಂಡಗೆ ತಿಕ್ಕಿದ್ದೇ ಕಾರಣ ಅಂದುಕೊಂಡಿದ್ದೆ. ಹಾಗಲ್ಲವಂತೆ. ಗೀರು ಎಲ್ಲ ದಿಕ್ಕಿಗೂ ಇರುತ್ತದೆ. ಬಿಸಿಲಿನ ಸುತ್ತ ಅಡ್ಡ ಬಿದ್ದವು ಮಾತ್ರ ಮಿಂಚಿ ನಮಗೆ ಬಲೆಯ ಹಾಗೆ ಕಾಣುತ್ತವೆ. ಬಿಳಿ ಗಾಡಿಯಲ್ಲೂ ಅಷ್ಟೇ ಗೀರು ಇರುತ್ತದೆ, ಕಾಣುವುದಿಲ್ಲ ಅಷ್ಟೆ. ನಮ್ಮ ಓಮ್ನಿ ಬಿಳಿ, ಹಾಗಾಗಿ ಇಪ್ಪತ್ತು ವರ್ಷ ನನಗೆ ಏನೂ ಗೊತ್ತಾಗಲಿಲ್ಲ!

ಗ್ಯಾರೇಜಿನವರು ಮೆಶಿನ್ ಹಿಡಿದು ಪಾಲಿಶ್ ಮಾಡಿದರು. ಗೀರು ಹೋಯಿತು ಅನ್ನುತ್ತೇವೆ, ನಿಜವಾಗಿ ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿದ್ದು. ಇದನ್ನು ಮತ್ತೆ ಮತ್ತೆ ಮಾಡಿಸಲು ಆಗುವುದಿಲ್ಲ. ಬಾಗಿಲಿನ ಮೇಲಿನ ಎರಡು ಆಳದ ಗೀರುಗಳನ್ನು ಅವರು ಮುಟ್ಟಲೇ ಇಲ್ಲ, ಅವು ಇವತ್ತಿಗೂ ಉಂಟು. ಖರ್ಚಿನ ಅರ್ಧವನ್ನು ನಾನು ಹಠ ಹಿಡಿದು ಕೊಟ್ಟೆ.

ಮನೆಯಲ್ಲಿರುವ ಬಟ್ಟೆಗಳು

ಬೈರಾಸು ಸಾದಾ ನೇಯ್ಗೆಯ ತೆಳು ಬಟ್ಟೆ. ಮೈ ಚಪ್ಪಟೆ, ಹಾಗಾಗಿ ಹರಳು ಸಿಕ್ಕಿದರೆ ಅಡಗಿ ಕೂರಲು ಅದಕ್ಕೆ ಜಾಗವಿಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉರುಳುತ್ತದೆ. ಹಳೇ ಬನಿಯನ್ ಮೆದುವೇ. ಆದರೆ ಅದೂ ಚಪ್ಪಟೆ, ಹೊಲಿಗೆಯ ಅಂಚು ಗಟ್ಟಿ, ಹಿಂಜು ಬಿಡುತ್ತದೆ. ಹೆಂಗಸರ ಹಳೇ ಸೀರೆ, ಗಂಡಸರ ಶರಟು ಇವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತದ್ದು. ನೀರು ಕುಡಿಯುವುದಿಲ್ಲ, ಸುಮ್ಮನೆ ಅತ್ತಿಂದಿತ್ತ ತಳ್ಳುತ್ತದೆ. ಗುಂಡಿ, ಜರಿ ಇದ್ದರಂತೂ ಕೇಳುವುದೇ ಬೇಡ. ವರ್ಕ್‌ಶಾಪಿನ ವೇಸ್ಟ್ ಬಟ್ಟೆಯನ್ನು ಎಂಜಿನ್ ಕೆಲಸಕ್ಕೆ ಬಿಟ್ಟು ಬೇರೆಲ್ಲೂ ತಾಗಿಸಬೇಡಿ, ಅದರಲ್ಲಿ ಕಬ್ಬಿಣದ ಪುಡಿ ಇರುವ ಸಾಧ್ಯತೆ ಉಂಟು.

ಮನೆಯಲ್ಲಿ ಇರುವುದರಲ್ಲಿ ಬಳಸಬಹುದಾದದ್ದು ಒಂದೇ: ಶುದ್ಧ ಹತ್ತಿಯ ಟರ್ಕಿ ಟವೆಲ್. ಅದರ ಮೇಲೆ ನೂಲಿನ ಕುಣಿಕೆಗಳಿವೆ, ಉಳಿದ ಚೂರುಪಾರು ಧೂಳು ಕುಣಿಕೆಯ ಸಂದಿಗೆ ಇಳಿಯುತ್ತದೆ. ಹಲವು ಸಲ ತೊಳೆದು ಮೆದುವಾದ, ಕಲ್ಲಿನ ಮೇಲೆ ಬಡಿಯದ, ತೋಟಕ್ಕೆ ಇಳಿಯದ ಟವೆಲ್ ಆದರೆ ಸಾಕಷ್ಟು ಒಳ್ಳೆಯದು. ಶುದ್ಧ ಹತ್ತಿಯೋ ಅಲ್ಲವೋ ತಿಳಿಯಲು ಅಂಚಿನ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಗುಂಡು ಕಟ್ಟುತ್ತದೆ.

ಶಾಮಿ ಲೆದರ್ ಬಗ್ಗೆ ಹಳೇ ಡ್ರೈವರುಗಳು ಹೇಳುವುದನ್ನು ಕೇಳಿರಬಹುದು. ಅದು ಕುರಿಯ ತೊಗಲಿನ ಒಳಪದರ, ಮೀನೆಣ್ಣೆ ಹಾಕಿ ಹದ ಮಾಡಿದ್ದು. ಒದ್ದೆ ಮಾಡಿ ಹಿಂಡಿದರೆ ನೀರನ್ನು ಗಟಗಟ ಎಳೆಯುತ್ತದೆ. ಒಣಗಿದರೆ ಹಪ್ಪಳ. ಸೋಪಿನ ಪುಡಿಯಲ್ಲಿ ನೆನೆಸಿಟ್ಟರೆ ಎಣ್ಣೆ ಹೋಗಿ ಹಾಳು. ಅದಕ್ಕೂ ಮೈ ಚಪ್ಪಟೆ, ಆದ್ದರಿಂದ ಗಾಡಿ ಪೂರ್ತಿ ಸ್ವಚ್ಛವಾಗಿದ್ದರೆ ಮಾತ್ರ ಬಳಸಬೇಕು. ಡಬ್ಬಿಯಲ್ಲಿ ಬರುವ ಸ್ಪಂಜಿನಂಥ ಕೃತಕ ಶಾಮಿಗೂ ಇದೇ ಮಾತು. ನಾನು ಅದನ್ನು ಈಗ ಗಾಜಿಗೆ ಇಟ್ಟುಕೊಂಡಿದ್ದೇನೆ.

ಮೈಕ್ರೋಫೈಬರ್ ಆರಿಸುವುದು

9,000 ಮೀಟರ್ ಎಳೆ 1 ಗ್ರಾಂ ತೂಗಿದರೆ ಅದಕ್ಕೆ 1 ಡೆನಿಯರ್ ಎನ್ನುತ್ತಾರೆ. ರೇಷ್ಮೆಗೂಡಿನ ಎಳೆ ಅದರ ಆಸುಪಾಸು. ಅದಕ್ಕಿಂತ ಸಪೂರದ್ದು ಮೈಕ್ರೋಫೈಬರ್. ಜಪಾನಿನ ಟೋರೆ ಕಂಪೆನಿಯ ವಿಜ್ಞಾನಿ ಮಿಯೋಶಿ ಒಕಮೋಟೊ 1970ರಲ್ಲಿ ಇಂಥ ಎಳೆಯಿಂದ ಚರ್ಮದಂಥ ಬಟ್ಟೆ ಮಾಡಿದ್ದರು. ಒರೆಸುವ ಬಟ್ಟೆಯಲ್ಲಿ ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಪಾಲಿಅಮೈಡ್ ಸೇರಿಸಿ ಎಳೆ ತೆಗೆದು, ಅದನ್ನು ಉದ್ದಕ್ಕೆ ಸೀಳಿರುತ್ತಾರೆ. ಸೀಳಿದ ಸಂದುಗಳೇ ನೀರನ್ನೂ ಧೂಳನ್ನೂ ಹಿಡಿಯುವುದು. ಚೀಟಿಯಲ್ಲಿ 80:20 ಅಥವಾ 70:30 ಎಂದಿರುವುದು ಈ ಬೆರಕೆಯ ಲೆಕ್ಕ. ಎರಡೂ ಆಗುತ್ತದೆ. ಚೀಟಿಯಲ್ಲಿ ಬರೇ ಪಾಲಿಯೆಸ್ಟರ್ ಎಂದಿದ್ದರೆ ನಾನು ಬಣ್ಣಕ್ಕೆ ತಾಗಿಸುವುದಿಲ್ಲ.

ಇನ್ನೊಂದು ಲೆಕ್ಕ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಪಾಲಿಶ್ ತೆಗೆಯಲು 300-350 ಸಾಕು. ನೀರು ಒಣಗಿಸಲು 500ಕ್ಕಿಂತ ಮೇಲಿನ ದಪ್ಪ ಬಟ್ಟೆ, ಇಲ್ಲವೇ ಚೌಕಚೌಕ ಗುಳಿ ಇರುವ ವಾಫಲ್ ನೇಯ್ಗೆಯದ್ದು. ಲಕೋಟೆಯ ಮೇಲೆ ಬರೆದದ್ದೆಲ್ಲ ನಿಜವಿರಬೇಕೆಂದಿಲ್ಲ. ಗೊಬ್ಬರದ ಚೀಲದ ಮೇಲಿನ ಅಕ್ಷರ ನಂಬಿ ಬೇಸ್ತು ಬಿದ್ದವರು ನಾವು, ಬಟ್ಟೆಯನ್ನು ತೂಗಿ ನೋಡಲು ಏನು ಕಷ್ಟ? 40 ಸೆಂಟಿಮೀಟರ್ ಚೌಕದ ಬಟ್ಟೆ 0.16 ಚದರ ಮೀಟರ್. 350 ಜಿಎಸ್‌ಎಂ ಎಂದಿದ್ದರೆ ಅದು 56 ಗ್ರಾಂ ತೂಗಬೇಕು. 60-90ರ ಒಣಗಿಸುವ ಟವೆಲ್ 500 ಜಿಎಸ್‌ಎಂ ಆದರೆ 270 ಗ್ರಾಂ. ನಾನು ಮೊದಲು ತಂದ ಅಗ್ಗದ ಕಟ್ಟಿನಲ್ಲಿ 350 ಎಂದಿತ್ತು, ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದೂ 35 ಗ್ರಾಂ ಬಂತು! ಅಂದರೆ 220 ಜಿಎಸ್‌ಎಂ ಕೂಡ ಇಲ್ಲ.

ತೂಕಕ್ಕಿಂತ ಮುಖ್ಯ ಅಂಚು. ಮೈ ಎಷ್ಟೇ ಮೆದುವಿರಲಿ, ಸುತ್ತ ಹೊಲಿದ ನೈಲಾನ್ ದಾರ ಗಟ್ಟಿಯಿದ್ದರೆ ಅದೇ ಗೀರುತ್ತದೆ. ಅಂಚಿಗೆ ಮೆದು ಪಟ್ಟಿ ಹೊಲಿದದ್ದು ಅಥವಾ ಹೊಲಿಗೆಯೇ ಇಲ್ಲದೆ ಕತ್ತರಿಸಿದ್ದು ಉತ್ತಮ. ಮೂಲೆಯ ಚೀಟಿಯನ್ನು ಮೊದಲ ದಿನವೇ ಕತ್ತರಿಯಿಂದ ತೆಗೆದುಬಿಡಿ. ಒಂದು ಸುಲಭ ಪರೀಕ್ಷೆ ಉಂಟು. ಮನೆಯಲ್ಲಿ ಬಿದ್ದಿರುವ ಹಳೇ ಸಿಡಿಯ ಹೊಳೆಯುವ ಬದಿಯನ್ನು ಬಟ್ಟೆಯ ನಡುಭಾಗದಿಂದ ಹತ್ತು ಸಲ, ಅಂಚಿನಿಂದ ಹತ್ತು ಸಲ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಗೀರು ಕಂಡರೆ ಆ ಬಟ್ಟೆ ಚಕ್ರಕ್ಕೆ. ನನ್ನ ಅಗ್ಗದ ಕಟ್ಟು ಇದರಲ್ಲೂ ಸೋತಿತು. ಒಳ್ಳೆ ಬಟ್ಟೆಗೆ ಮೂರ್ನಾಲ್ಕು ತೆಂಗಿನಕಾಯಿಯ ಬೆಲೆಯಾದೀತು. ಒಂದು ದೊಡ್ಡದು, ಮೂರು ಸಣ್ಣದು ಇದ್ದರೆ ಒಂದು ಗಾಡಿಗೆ ಧಾರಾಳ.

ಒಣಗಿಸುವುದು, ಪಾಲಿಶ್ ತೆಗೆಯುವುದು

ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಧೂಳು ಇರುವ ಗಾಡಿಯನ್ನು ಒಣ ಬಟ್ಟೆಯಲ್ಲಿ ಒರೆಸಬಾರದು. ಮೊದಲು ಪೈಪಿನ ನೀರಿನಲ್ಲಿ ಮೇಲಿನಿಂದ ಕೆಳಕ್ಕೆ ಮಣ್ಣು ಇಳಿಸಬೇಕು. ತೊಳೆಯುವಾಗ ಎರಡು ಬಕೆಟ್ ಇಡಿ, ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೇ ನೀರು. ನನ್ನ ಅರ್ಧ ಬಕೆಟ್ ನೀರು ಮೂರನೇ ಅದ್ದುವಿಕೆಗೇ ಕೆಸರಾಗಿತ್ತು. ಬಾವಲಿ, ಹಕ್ಕಿ ಹಿಕ್ಕೆ, ಸಿಡಿದು ಒಣಗಿದ ಬೋರ್ಡೋ ಚುಕ್ಕೆ ಇವನ್ನು ತಿಕ್ಕಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿಡಿ, ನೆನೆದು ಎದ್ದು ಬರುತ್ತದೆ.

ಆಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ನೀರು ತಾನಾಗಿ ಆರಿದರೆ ಅದರಲ್ಲಿದ್ದ ಸುಣ್ಣ ಬಿಳಿ ಕಲೆಯಾಗಿ ಕೂರುತ್ತದೆ. ನಮ್ಮ ಬಾವಿ ನೀರಿಗೆ ಇದರ ಉಪದ್ರ ಕಡಿಮೆ. ಗಡಸು ಬೋರ್‌ವೆಲ್ ನೀರಿನವರು ತಡಮಾಡದೆ ಒಣಗಿಸಬೇಕು. ದೊಡ್ಡ ಟವೆಲನ್ನು ಬಾನೆಟ್ ಮೇಲೆ ಅಡಿಕೆ ಹರವಲು ಟಾರ್ಪಾಲ್ ಹಾಸಿದ ಹಾಗೆ ಅಗಲಕ್ಕೆ ಹಾಸಿ, ಒತ್ತದೆ ನಿಧಾನ ಎಳೆಯಿರಿ. ಕೈಯ ಬಲ ಬೇಡ. ನೀರು ಹೀರುವುದು ಬಟ್ಟೆಯ ಕೆಲಸ.

ವ್ಯಾಕ್ಸ್ ಅಥವಾ ಪಾಲಿಶ್ ಹಚ್ಚುವವರು ಸಣ್ಣ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ. ಎರಡೂ ಬದಿ ಸೇರಿ ಎಂಟು ಮುಖ ಸಿಗುತ್ತದೆ, ಒಂದು ಕಟ್ಟಿಕೊಂಡ ಕೂಡಲೇ ಇನ್ನೊಂದಕ್ಕೆ ಹೊರಳಿಸಿ. ಮೊದಲು ಗಿಡ್ಡ ಕುಣಿಕೆಯ ಬದಿಯಲ್ಲಿ ತೆಗೆದು, ಕೊನೆಗೆ ಬೇರೊಂದು ಶುಭ್ರ ಬಟ್ಟೆಯ ಉದ್ದ ರೋಮದ ಬದಿಯನ್ನು ಹಗುರಾಗಿ ಆಡಿಸಿದರೆ ಸಾಕು. ಮೈಕ್ರೋಫೈಬರ್ ಬರುವ ಮೊದಲು ಇದಕ್ಕೆ ಹತ್ತಿಯ ಫ್ಲಾನೆಲ್ ಬಳಸುತ್ತಿದ್ದರು, ಈಗಲೂ ಸಿಕ್ಕಿದರೆ ಕೆಟ್ಟದ್ದಲ್ಲ. ಕ್ಲಿಯರ್ ಕೋಟ್ ಇಲ್ಲದ ಹಳೇ ಗಾಡಿಗೆ ಪಾಲಿಶ್ ಹಾಕಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ನಮ್ಮ ಓಮ್ನಿಯದ್ದು ಹತ್ತಿದಾಗ ಹೆದರಿದ್ದೆ. ಹೆದರಬೇಕಾಗಿಲ್ಲ, ಆದರೆ ಪದೇ ಪದೇ ಉಜ್ಜಬಾರದು, ಹೋಗುತ್ತಿರುವುದು ಬಣ್ಣವೇ.

ಬಟ್ಟೆಯನ್ನು ಕಾಪಾಡುವುದು

ಕೈ ಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸುವುದು ನಮಗೆಲ್ಲ ಅಭ್ಯಾಸ. ಇಲ್ಲಿ ಅದು ಕೂಡದು. ಬಿದ್ದರೆ ಬಿತ್ತು, ತೊಳೆದ ಮೇಲೆಯೇ ಮುಂದಿನ ಸಲಕ್ಕೆ.

ಮೈಕ್ರೋಫೈಬರನ್ನು ಹತ್ತಿ ಬಟ್ಟೆಯೊಂದಿಗೆ ಒಗೆಯಬೇಡಿ, ಹತ್ತಿಯ ಹಿಂಜೆಲ್ಲ ಅದರ ಸಂದಿಗೆ ಸೇರುತ್ತದೆ. ಸ್ವಲ್ಪ ದ್ರವ ಸೋಪು, ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು ಸಾಕು. ಬಟ್ಟೆ ಮೆದು ಮಾಡುವ ಪರಿಮಳದ ದ್ರಾವಣ ಹಾಕಿದರೆ ಎಳೆಗಳ ಮೇಲೆ ಮೇಣದ ಹಾಗೆ ಕೂತು ನೀರು ಹೀರುವ ಗುಣವೇ ಹೋಗುತ್ತದೆ. ಬ್ಲೀಚಿಂಗ್ ಪುಡಿ, ಇಸ್ತ್ರಿ ಎರಡೂ ಬೇಡ. ಒಗೆಯುವ ಕಲ್ಲಿನ ಮೇಲಂತೂ ಬೇಡವೇ ಬೇಡ. ನಾನು ಒಗೆದು ನೆರಳಲ್ಲಿ, ಜಗಲಿಯ ಒಳಬದಿಯ ಹಗ್ಗದಲ್ಲಿ ಒಣಹಾಕಿ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತೇನೆ.

ಮನೆಯಲ್ಲಿ ಬಟ್ಟೆ ಅದಲುಬದಲಾಗದ ಹಾಗೆ ಗುರುತು ಮಾಡಿದ್ದೇವೆ. ಮೂಲೆ ಕತ್ತರಿಸದ್ದು ಬಣ್ಣಕ್ಕೆ. ಹಳತಾಗಿ ಒಂದು ಮೂಲೆ ಕತ್ತರಿಸಿದ್ದು ಗಾಜಿಗೆ ಮತ್ತು ಒಳಗಿನ ಸೀಟಿಗೆ. ಎರಡು ಮೂಲೆ ಹೋದದ್ದು ಚಕ್ರಕ್ಕೆ. ಮೂರು ಹೋದರೆ ಪಂಪ್‌ಸೆಟ್, ಸ್ಪ್ರೇಯರ್, ಕಳೆ ಕೊಚ್ಚುವ ಮೆಶಿನಿಗೆ. ಕೆಳಗಿಳಿದ ಬಟ್ಟೆ ಮತ್ತೆ ಮೇಲೆ ಹತ್ತುವ ಹಾಗಿಲ್ಲ. ಇದು ಮಗಳ ಉಪಾಯ. ನನ್ನ ಕಣ್ಣಿಗೆ ಬಟ್ಟೆಗಳೆಲ್ಲ ಒಂದೇ ಥರ ಕಾಣುವುದರಿಂದ ಮುಟ್ಟಿ ನೋಡಿ ಮೂಲೆ ಲೆಕ್ಕ ಹಾಕುತ್ತೇನೆ.

ಪಕ್ಕದ ತೋಟದವನಿಗೂ ಇಂಥ ಒಂದು ಕಟ್ಟು, ಬಣ್ಣದ್ದು ಬೇರೆ, ಗಾಜಿನದ್ದು ಬೇರೆ ಮಾಡಿ ಕೊಟ್ಟೆ. ಕಳೆದ ಚೌತಿಗೆ ಅವನೇ ಗಾಡಿಯ ಕೀ ತಂದು ಕೈಯಲ್ಲಿಟ್ಟು, "ಅಮ್ಮನನ್ನು ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬನ್ನಿ ಭಾವಾ. ಬಂದ ಮೇಲೆ ಒರೆಸ್ಲಿಕ್ಕೆ ಮಾತ್ರ ಹೋಗ್ಬೇಡಿ" ಎಂದ. ಒರೆಸಲಿಲ್ಲ. ಪೈಪ್ ಹಿಡಿದು ಕೆಂಪು ಧೂಳು ಇಳಿಸಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಅವನ ಮಾಡಿನ ಅಡಿ ನಿಲ್ಲಿಸಿ ಬಂದೆ.