ಹಾಸಿಗೆಯ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ನಾಣ್ನುಡಿ. ಈ ಮಾತನ್ನು ಸಾಮಾನ್ಯವಾಗಿ ಹಣದ ವಿಚಾರದಲ್ಲಿ ಬಳಸುವುದುಂಟು. ಆದರೆ ಕಾಲು ಚಾಚುವ ಮೊದಲು ಹಾಸಿಗೆಯ ಉದ್ದವನ್ನು ಅಳೆದು ನೋಡಬೇಕಲ್ಲವೆ? ಯಂತ್ರಗಳ ಲೋಕದಲ್ಲಿಯೂ ಈ ಅಳತೆ ಎಷ್ಟು ಅವಶ್ಯಕವೆಂಬುದನ್ನು ಕೃಷ್ಣರಾಜಪುರದ ಒಂದು ಮನೆಯ ಕಥೆಯಿಂದ ತಿಳಿಯಬಹುದು.

ಬೆಂಗಳೂರಿನ ಪೂರ್ವದಲ್ಲಿರುವ ಕೃಷ್ಣರಾಜಪುರದಲ್ಲಿ ರೈಲು ಎಂಜಿನ್‌ಗಳನ್ನು ದುರಸ್ತಿಮಾಡುವ ದೊಡ್ಡ ಶೆಡ್ ಇದೆ. ಅಲ್ಲಿ ದುಡಿಯುವ ಕಾರ್ಮಿಕರೊಬ್ಬರಿಗೆ ಇಬ್ಬರು ಮಕ್ಕಳು. ಮಗಳು ಆನಿಮೇಷನ್ ಕಲಿಯುತ್ತಿದ್ದಳು. ಮಗ ಒಂಬತ್ತನೆಯ ತರಗತಿಯಲ್ಲಿದ್ದನು. ಯಾವುದೋ ಕಚೇರಿಯವರು ಬಳಸಿ ಮಾರಿದ್ದ ಹಳೆಯ ಕಂಪ್ಯೂಟರೊಂದು ಮನೆಯಲ್ಲಿತ್ತು. ಮಗಳು ಕೊನೆಯ ಪರೀಕ್ಷೆಗಾಗಿ ಒಂದು ಕಿರುಚಿತ್ರವನ್ನು ಒಪ್ಪಿಸಬೇಕಾಗಿತ್ತು. ಚಲನಚಿತ್ರದ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. ಒಂದು ನಿಮಿಷಕ್ಕೆ 1,440. ಆ ಕಂಪ್ಯೂಟರು ಒಂದೊಂದು ಚಿತ್ರವನ್ನು ಸಿದ್ಧಪಡಿಸಲು ತೆಗೆದುಕೊಳ್ಳುತ್ತಿದ್ದ ಹೊತ್ತನ್ನು ನೋಡಿದರೆ, ಕೆಲಸವು ಗಡುವಿನೊಳಗೆ ಮುಗಿಯುವಂತಿರಲಿಲ್ಲ.

ಚಿತ್ರವೊಂದರಲ್ಲಿ ಲಕ್ಷಾಂತರ ಬಿಂದುಗಳಿರುತ್ತವೆ. ಪ್ರತಿಯೊಂದರ ಬಣ್ಣವನ್ನೂ ಗಣಿತದಿಂದ ಕಂಡುಹಿಡಿಯಬೇಕು. ಒಬ್ಬ ನಿಪುಣನು ಮಾಡುವ ಕೆಲಸವನ್ನು ನೂರಾರು ಆಳುಗಳು ಹಂಚಿಕೊಂಡಂತೆ, ಗ್ರಾಫಿಕ್ಸ್ ಕಾರ್ಡ್ ಈ ಲೆಕ್ಕಗಳನ್ನು ಏಕಕಾಲಕ್ಕೆ ಮಾಡಿ ಮುಗಿಸುತ್ತದೆ. ಆದರೆ ಅಷ್ಟು ಆಳುಗಳಿಗೆ ಅನ್ನವೂ ಬೇಕು. ಆ ಅನ್ನವೇ ವಿದ್ಯುತ್ತು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕಂಪ್ಯೂಟರಿನ ಭಾಗಗಳಿಗೆ ಉಣಬಡಿಸುವ ಪೆಟ್ಟಿಗೆಗೆ ಪವರ್ ಸಪ್ಲೈ ಎಂದು ಹೆಸರು.

ಅಕ್ಕನೂ ತಮ್ಮನೂ ಕೂಡಿಟ್ಟ ಹಣದಲ್ಲಿ ಕಾರ್ಡೊಂದನ್ನು ಕೊಳ್ಳುವುದೆಂದಾಯಿತು. 2021ರಲ್ಲಿ ಬಂದ ಆರ್.ಟಿ.ಎಕ್ಸ್. 3060 ಕಾರ್ಡಿನ ಮೇಲೆ ತಮ್ಮನಿಗೆ ಮನಸ್ಸು. ಅವನು ಕಾಗದದಲ್ಲಿ ಲೆಕ್ಕ ಬರೆದನು. ಪ್ರೊಸೆಸರಿಗೆ 65 ವ್ಯಾಟ್, ಉಳಿದ ಭಾಗಗಳಿಗೆ ಸುಮಾರು 50, ಕಾರ್ಡಿಗೆ 170; ಒಟ್ಟು 285. ಪವರ್ ಸಪ್ಲೈ ಮೇಲೆ 300 ವ್ಯಾಟ್ ಎಂದು ಬರೆದಿತ್ತು.

“ಅಪ್ಪಾ, ಇನ್ನೂ 15 ವ್ಯಾಟ್ ಮಿಗುತ್ತದೆ!” ಎಂದು ಅವನು ಸಂಭ್ರಮಿಸಿದನು.

ತಂದೆ ನಕ್ಕು, “ಎಂಜಿನ್ನಿಗೆ ಎಷ್ಟು ಡಬ್ಬಿ ಕಟ್ಟಬಹುದೆಂದು ಸಮತಟ್ಟಾದ ನೆಲದಲ್ಲಿ ನೋಡಿ ಹೇಳುವುದಿಲ್ಲ ಮಗೂ, ಏರಿನಲ್ಲಿ ನೋಡಿ ಹೇಳುತ್ತೇವೆ. ಆ ಚೀಟಿಯನ್ನು ಪೂರ್ತಿ ಓದಿದೆಯಾ?” ಎಂದು ಕೇಳಿದರು.

ಮಗಳು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿದಳು. 300 ವ್ಯಾಟ್ ಎಂಬುದು ಎಲ್ಲ ವೋಲ್ಟುಗಳ ಸಾಲುಗಳೂ ಸೇರಿ ಕೊಡಬಲ್ಲ ಗರಿಷ್ಠ ಶಕ್ತಿ. ಪ್ರೊಸೆಸರೂ ಕಾರ್ಡೂ ಮುಖ್ಯವಾಗಿ ಸೆಳೆಯುವುದು 12 ವೋಲ್ಟಿನ ಸಾಲಿನಿಂದ. ಅದರ ಎದುರಿಗೆ 18 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. ಅಂದರೆ ಆ ಸಾಲಿನ ಶಕ್ತಿ 216 ವ್ಯಾಟ್ ಮಾತ್ರ. ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೇ 235 ವ್ಯಾಟ್ ಬೇಕು. ಸಾಲದೆಂದು, ಕೆಲಸದ ನಡುವೆ ಕಾರ್ಡು ಕ್ಷಣಮಾತ್ರ ತನ್ನ ಅಂಕೆಯನ್ನು ಮೀರಿ ಶಕ್ತಿಯನ್ನು ಸೆಳೆಯುವುದೂ ಉಂಟು. ತಂದೆ ಹೇಳಿದ ಏರು ಅದೇ. ಈ ಕಾರಣದಿಂದಲೇ ತಯಾರಕರು ಆ ಕಾರ್ಡಿಗೆ 550 ವ್ಯಾಟಿನ ಪವರ್ ಸಪ್ಲೈ ಬೇಕೆಂದು ಸೂಚಿಸಿದ್ದಾರೆ.

ಇನ್ನೊಂದು ತೊಡಕೂ ಇತ್ತು. ಮದರ್‌ಬೋರ್ಡಿನಲ್ಲಿ ಕಾರ್ಡು ಕೂರುವ ಸ್ಥಳವು 75 ವ್ಯಾಟ್‌ವರೆಗೆ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಬರಬೇಕು. ಆ ಹಳೆಯ ಪೆಟ್ಟಿಗೆಯಲ್ಲಿ ಅಂತಹ ತಂತಿಯೇ ಇರಲಿಲ್ಲ. ಬೇರೆ ತಂತಿಗಳನ್ನು ಜೋಡಿಸಿಕೊಡುವ ಕೊಂಡಿಗಳು ಅಂಗಡಿಯಲ್ಲಿ ಸಿಗುತ್ತವೆಂದು ತಮ್ಮನು ವಾದಿಸಿದನು. ತಂದೆ ಒಪ್ಪಲಿಲ್ಲ. ಕೊಂಡಿಯು ತಂತಿಯ ಆಕಾರವನ್ನು ಬದಲಿಸೀತು, ಶಕ್ತಿಯನ್ನು ಹೆಚ್ಚಿಸದು. ಒಳ್ಳೆಯ ಪವರ್ ಸಪ್ಲೈ ಮಿತಿಮೀರಿದಾಗ ತಾನೇ ನಿಂತುಹೋಗುತ್ತದೆ. ಕಳಪೆಯಾದುದಾದರೆ ತಂತಿ ಕಾದು ಇತರ ಭಾಗಗಳಿಗೂ ಹಾನಿ ತಟ್ಟಬಹುದು. ಹೊಸ ಪವರ್ ಸಪ್ಲೈಯನ್ನೂ ಕೊಳ್ಳೋಣವೆಂದರೆ ಕೈಯಲ್ಲಿದ್ದ ಹಣ ಎರಡಕ್ಕೂ ಸಾಲದು.

ಮರುದಿನ ಅಕ್ಕತಮ್ಮಂದಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋದರು. 2019ರಲ್ಲಿ ಬಂದ ಜಿ.ಟಿ.ಎಕ್ಸ್. 1650 ಎಂಬ ಕಾರ್ಡಿಗೆ 75 ವ್ಯಾಟ್ ಸಾಕು. ತಯಾರಕರು ಅದಕ್ಕೆ ಸೂಚಿಸಿರುವುದು 300 ವ್ಯಾಟಿನ ಪವರ್ ಸಪ್ಲೈ. ಅದರಲ್ಲಿಯೂ ಪ್ರತ್ಯೇಕ ತಂತಿ ಬೇಡದ ಮಾದರಿಯನ್ನು ಹುಡುಕಿ, ಪೆಟ್ಟಿಗೆಯಲ್ಲಿ ಹಿಡಿಸುವುದೇ ಎಂದು ಉದ್ದವನ್ನು ಅಳೆದು, ಅಂಗಡಿಯಲ್ಲೇ ನಡೆಸಿ ನೋಡಿ, ಬಳಸಿದ ಕಾರ್ಡೊಂದನ್ನು ಕೊಂಡರು. ಈಗ ಎರಡೂ ಸೇರಿ 140 ವ್ಯಾಟ್. 12 ವೋಲ್ಟಿನ ಸಾಲಿನಲ್ಲಿ 76 ವ್ಯಾಟ್ ಮಿಗುತ್ತಿತ್ತು. ಫ್ಯಾನು ಮುಂತಾದವುಗಳಿಗೂ ಏರಿನ ಹೊತ್ತಿಗೂ ಅದು ಸಾಕು.

ದೊಡ್ಡ ಕಾರ್ಡಿನ ವೇಗ ಅದಕ್ಕಿರಲಿಲ್ಲ. ತಮ್ಮನು ಬಯಸಿದ ಹೊಸ ಆಟಗಳಲ್ಲಿ ಚಿತ್ರದ ಸೊಗಸನ್ನು ತಗ್ಗಿಸಿಕೊಳ್ಳಬೇಕಾಯಿತು. ಅವನ ಮುಖ ಕೆಲವು ದಿನ ಬಾಡಿತ್ತು. ಆದರೂ ರಾತ್ರಿಯೆಲ್ಲ ಕಂಪ್ಯೂಟರು ಒಮ್ಮೆಯೂ ನಿಲ್ಲದೆ ದುಡಿಯಿತು. ಗಡುವಿಗೆ ಎರಡು ದಿನ ಮುಂಚೆ ಅಕ್ಕನ ಕಿರುಚಿತ್ರ ಸಿದ್ಧವಾದಾಗ, ಅದನ್ನು ಎಲ್ಲರಿಗಿಂತ ಮೊದಲು ನೋಡಿದವನು ಅವನೇ.

ಬಯಕೆ ದೊಡ್ಡದಾಗಿರುವುದು ತಪ್ಪಲ್ಲ. ಅದನ್ನು ಹೊರುವ ಮೂಲದ ಬಲವನ್ನು ಅರಿಯದಿರುವುದು ತಪ್ಪು. ಮಿತಿಯನ್ನು ಅಳೆದವನಿಗೆ ಇಂದು ಏನು ಸಾಧ್ಯವೆಂಬುದು ತಿಳಿಯುತ್ತದೆ. ನಾಳೆ ಯಾವುದನ್ನು ಮೊದಲು ಹಿಗ್ಗಿಸಬೇಕೆಂಬುದೂ ತಿಳಿಯುತ್ತದೆ.

ಅಭ್ಯಾಸ

1. ತಮ್ಮನ ಲೆಕ್ಕದಲ್ಲಿ ಕೂಡುವಿಕೆ ಸರಿಯಾಗಿದ್ದರೂ ತೀರ್ಮಾನ ಏಕೆ ತಪ್ಪಾಯಿತು?
2. ‘ಕೊಂಡಿಯು ತಂತಿಯ ಆಕಾರವನ್ನು ಬದಲಿಸೀತು, ಶಕ್ತಿಯನ್ನು ಹೆಚ್ಚಿಸದು.’ ವಿವರಿಸಿ.
3. 12 ವೋಲ್ಟಿನ ಸಾಲು 25 ಆಂಪಿಯರ್ ಕೊಡಬಲ್ಲದಾದರೆ ಅದರ ಶಕ್ತಿ ಎಷ್ಟು ವ್ಯಾಟ್?