ಕೊರಿಯನ್ ಮಗುವಿಗೆ ಇಂಗ್ಲಿಷ್ ಮನೆಪಾಠ: ಮೊದಲ ತಿಂಗಳು ನಂಟು ಬೆಳೆಸುವ ಬಗೆ

ಮಾರತ್ತಹಳ್ಳಿ ಸೇತುವೆಯಿಂದ ರಿಂಗ್ ರೋಡಿನಲ್ಲಿ ಒಂದು ದಿಕ್ಕಿಗೆ ಹೋದರೆ ದೊಡ್ಡನೆಕ್ಕುಂದಿಯಲ್ಲಿ ಸ್ಯಾಮ್‌ಸಂಗ್‌ನ ಸಂಶೋಧನಾ ಕೇಂದ್ರ. ಇನ್ನೊಂದು ದಿಕ್ಕಿಗೆ ಹೋದರೆ ಕಾಡುಬೀಸನಹಳ್ಳಿಯಲ್ಲಿ ಎಲ್‌ಜಿಯ ಸಾಫ್ಟ್‌ವೇರ್ ಕಚೇರಿ. ಕೆಲಸದ ಮೇಲೆ ಬೆಂಗಳೂರಿಗೆ ಬರುವ ಕೊರಿಯನ್ ಕುಟುಂಬಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ ಮೇಲೆ ಮೊದಲು ಹುಡುಕುವುದು ಮನೆಗೆ ಬಂದು ಇಂಗ್ಲಿಷ್ ಹೇಳಿಕೊಡುವವರನ್ನು. ಆ ಕೆಲಸ ನಿಮಗೆ ಸಿಕ್ಕಿದ್ದರೆ ಈ ಬರಹ ನಿಮಗಾಗಿ. ಪಠ್ಯಪುಸ್ತಕದ ಆಯ್ಕೆ ಆಮೇಲೆ ಮಾಡಬಹುದು. ಮಗು ನಿಮ್ಮೆದುರು ಬಾಯಿ ಬಿಡುವಂತಾಗಬೇಕಲ್ಲ, ಮೊದಲ ತಿಂಗಳೆಲ್ಲ ಅದರದ್ದೇ ಕೆಲಸ.

ಹಂತ 1: ಹೆಸರು ಮತ್ತು ವಯಸ್ಸು

ಕೊರಿಯನ್ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕಿಮ್ ಮಿನ್‌ಜುನ್ ಎಂದಿದ್ದರೆ ಹುಡುಗನ ಹೆಸರು ಮಿನ್‌ಜುನ್. ಬರೀ ಮಿನ್ ಎಂದು ಕತ್ತರಿಸಿ ಕರೆಯಬೇಡಿ, ಬರೀ ಕಿಮ್ ಎಂದಂತೂ ಬೇಡವೇ ಬೇಡ. ಕಿಮ್, ಲೀ, ಪಾರ್ಕ್ ಎನ್ನುವವರು ಕೊರಿಯಾದ ತುಂಬ ಇದ್ದಾರೆ. ಕೆಲವು ಮಕ್ಕಳು ಶಾಲೆಗೆಂದು ಒಂದು ಇಂಗ್ಲಿಷ್ ಹೆಸರನ್ನೂ ಇಟ್ಟುಕೊಂಡಿರುತ್ತಾರೆ. ಯಾವುದು ಇಷ್ಟ ಎಂದು ಮಗುವನ್ನೇ ಕೇಳಿ. ಅದು ಕೊರಿಯನ್ ಹೆಸರನ್ನೇ ಹೇಳಿದರೆ ಎರಡು ಮೂರು ಸಲ ಹೇಳಿಸಿಕೊಂಡು ಸರಿಯಾಗಿ ಕಲಿಯಿರಿ. ಹೇಳಿಕೊಡುವವರು ಮೊದಲು ಕಲಿಯುವುದನ್ನು ಮಗು ನೋಡಲಿ.

ಮಗು ನಿಮ್ಮ ವಯಸ್ಸು ಕೇಳಿದರೆ ಅಧಿಕಪ್ರಸಂಗ ಎಂದುಕೊಳ್ಳಬೇಡಿ. ಯಾರು ದೊಡ್ಡವರು ಎಂದು ಗೊತ್ತಾಗದೆ ಕೊರಿಯನ್ ಭಾಷೆಯಲ್ಲಿ ಮಾತಿನ ಧಾಟಿಯೇ ಗೊತ್ತಾಗುವುದಿಲ್ಲ. ಮಗುವಿನ ವಯಸ್ಸು ಕೇಳುವಾಗ ಹುಟ್ಟಿದ ವರ್ಷವನ್ನೂ ಕೇಳಿಟ್ಟುಕೊಳ್ಳಿ. ಹುಟ್ಟಿದಾಗಲೇ ಒಂದು ವರ್ಷ ಎಂದು ಎಣಿಸುವ ಹಳೆಯ ಲೆಕ್ಕವನ್ನು ಅಲ್ಲಿನ ಸರ್ಕಾರ ಕಾನೂನು ವ್ಯವಹಾರಗಳಿಂದ ಕೈಬಿಟ್ಟದ್ದು 2023ರ ಜೂನ್‌ನಲ್ಲಿ, ಮನೆಗಳಲ್ಲಿ ಅದಿನ್ನೂ ಬಾಯಿಗೆ ಬರುತ್ತದೆ. ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸುವುದಾದರೆ ಒಂದೇ ವಯಸ್ಸಿನವರನ್ನು ಜೊತೆ ಮಾಡಿ. ಒಂದು ವರ್ಷಕ್ಕೆ ಚಿಕ್ಕವನಾದರೂ ಹಿರಿಯನ ಎದುರು ಉತ್ತರ ಹೇಳಲು ಹಿಂದೆ ಸರಿಯಬಹುದು.

ಹಂತ 2: ಮನೆ ಒಳಗೆ ಕಾಲಿಡುವಾಗ

ಇಲ್ಲಿ ನಮಗೆ ಹೊಸದೇನೂ ಇಲ್ಲ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಹಿರಿಯರಿಗೆ ಸ್ವಲ್ಪ ತಲೆಬಾಗಿ ನಮಸ್ಕರಿಸಬೇಕು. ಪುಸ್ತಕ, ಕಾಫಿ, ಹೆಚ್ಚಿದ ಹಣ್ಣಿನ ತಟ್ಟೆ, ಏನು ಕೊಟ್ಟರೂ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಫೀಸನ್ನು ಕವರಿನಲ್ಲಿಟ್ಟು ಕೊಟ್ಟರೆ ಅವರೆದುರು ಎಣಿಸಬೇಡಿ.

ಒಂದು ಮಾತ್ರ ನೆನಪಿಡಿ. ಹೌದು ಎನ್ನಲು ನಾವು ತಲೆಯನ್ನು ಆ ಕಡೆ ಈ ಕಡೆ ಓಲಾಡಿಸುತ್ತೇವಲ್ಲ, ಅದು ಹೊಸದಾಗಿ ಬಂದ ಕೊರಿಯನ್ ಮಗುವಿಗೆ ‘ಅಲ್ಲ’ ಎಂದಂತೆ ಕಾಣಬಹುದು. ಸರಿ ಉತ್ತರ ಹೇಳಿದ ಮಗು ತಪ್ಪಾಯಿತೆಂದು ಸುಮ್ಮನಾಗಿಬಿಡುತ್ತದೆ. ಮೊದಲ ದಿನವೇ ತೋರಿಸಿ ವಿವರಿಸಿ, ಇಬ್ಬರಿಗೂ ನಗು ಬರುತ್ತದೆ.

ಹಂತ 3: ಮೌನ ಮುರಿಯುವ ತನಕ ಕಾಯಿರಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಕೊರಿಯಾದಲ್ಲಿ ಇಂಗ್ಲಿಷ್ ಎಂದರೆ ಪರೀಕ್ಷೆ. ನವೆಂಬರ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಷ್ಟು ಹೊತ್ತು ದೇಶದಲ್ಲಿ ವಿಮಾನಗಳು ಏರುವುದಿಲ್ಲ, ಇಳಿಯುವುದಿಲ್ಲ. ಎಚ್‌ಎಎಲ್ ವಿಮಾನದ ಸದ್ದಿಗೆ ಪಾಠವನ್ನೇ ನಿಲ್ಲಿಸಬೇಕಾದ ನಮ್ಮ ಮಾರತ್ತಹಳ್ಳಿಯಲ್ಲಿ ಕೂತು ಇದನ್ನು ಒಮ್ಮೆ ಯೋಚಿಸಿ. ಅಂಥ ಪರೀಕ್ಷೆಯ ನೆರಳಲ್ಲಿ, ಶಾಲೆ ಮುಗಿದ ಮೇಲೆ ಮತ್ತೆ ಹಗ್‌ವನ್ ಎಂಬ ಟ್ಯೂಷನ್ ಸೆಂಟರುಗಳಿಗೆ ಹೋಗಿ ಬೆಳೆದ ಮಗುವಿಗೆ ತಪ್ಪು ಇಂಗ್ಲಿಷ್ ಆಡುವುದಕ್ಕಿಂತ ಸುಮ್ಮನಿರುವುದೇ ಕ್ಷೇಮ.

ಆದ್ದರಿಂದ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸಿ. ನಡುವೆ ಬಾಯಿ ಹಾಕಿ ಉತ್ತರ ನೀವೇ ಹೇಳಿಬಿಡಬೇಡಿ. ಮಗು ಕಣ್ಣು ಕೆಳಗೆ ಹಾಕಿದರೆ ಅದು ಉದಾಸೀನವಲ್ಲ, ನಮ್ಮೂರ ಮಕ್ಕಳೂ ಮೇಷ್ಟ್ರ ಮುಂದೆ ಹಾಗೇ ನಿಲ್ಲುತ್ತಾರೆ. ‘ಅರ್ಥವಾಯಿತೇ?’ ಎಂದು ಕೇಳಿ ಫಲವಿಲ್ಲ, ಅರ್ಥವಾಗದಿದ್ದರೂ ಹೌದು ಎಂದೇ ಬರುತ್ತದೆ. ಅದರ ಬದಲು ‘ಇದನ್ನು ನನಗೆ ಚಿತ್ರ ಬರೆದು ತೋರಿಸು’ ಎನ್ನಿ. ಮೊದಲ ವಾರ ಒಂದು ಪದದ ಉತ್ತರ ಸಾಕು. ಎರಡನೇ ವಾರ ಅರ್ಧ ವಾಕ್ಯ. ಮಾತಿನ ನಡುವೆ ತಿದ್ದಬೇಡಿ, ಮಗು ಹೇಳಿದ್ದನ್ನೇ ಸರಿಯಾದ ರೂಪದಲ್ಲಿ ನೀವೊಮ್ಮೆ ಹೇಳಿ ಮುಂದೆ ಹೋಗಿ.

ಪಾಠ ಶುರುಮಾಡಲು ನನಗೆ ಗೊತ್ತಿರುವ ಅತ್ಯುತ್ತಮ ಪ್ರಶ್ನೆ ‘ಊಟ ಆಯ್ತಾ?’ ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಕುಶಲ ಕೇಳುವ ಮಾತಲ್ಲ. ಆದರೆ ಕೊರಿಯನ್ನರೂ ನಮ್ಮ ಹಾಗೆ ಎದುರು ಸಿಕ್ಕವರನ್ನು ಊಟವಾಯಿತೇ ಎಂದೇ ಕೇಳುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಕೇಳಿ. ಏನು ತಿಂದೆ, ಯಾರು ಮಾಡಿದರು, ಖಾರ ಇತ್ತೇ ಎಂದು ಐದು ನಿಮಿಷ ಮಾತು ತಾನಾಗಿ ನಡೆಯುತ್ತದೆ.

ಹಂತ 4: ಕೆಂಪು ಪೆನ್ನು ಒಳಗಿಡಿ

ಕೊರಿಯಾದಲ್ಲಿ ಬದುಕಿರುವವರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಅಶುಭ. ನೋಟ್‌ಬುಕ್ಕಿನ ಮೇಲೆ ಹೆಸರು ಬರೆಯಲು ನೀಲಿ ಅಥವಾ ಕಪ್ಪು ಬಳಸಿ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ: ಅಲ್ಲಿ ಸರಿ ಉತ್ತರಕ್ಕೆ ವೃತ್ತ ಹಾಕುತ್ತಾರೆ, ತಪ್ಪಿಗೆ ಓರೆ ಗೆರೆ ಅಥವಾ ನಮ್ಮ ರೈಟ್ ಗುರುತಿನಂಥ ಗುರುತು. ನೀವು ಪುಟದ ತುಂಬ ರೈಟ್ ಹಾಕಿ ಕೊಟ್ಟರೆ ಮಗುವಿನ ಮುಖ ಬಾಡಬಹುದು. ವೃತ್ತವನ್ನೇ ಹಾಕಿ.

ಹಂತ 5: ನಿಮ್ಮ ಇಂಗ್ಲಿಷ್ ಎಲ್ಲಿಂದ ಬಂತೆಂದು ಹೇಳಿ

ಇಂಗ್ಲಿಷ್ ಟೀಚರ್ ಎಂದರೆ ಅಮೆರಿಕದವರು ಎಂಬ ಚಿತ್ರ ಕೊರಿಯನ್ ತಂದೆತಾಯಿಯ ಮನಸ್ಸಿನಲ್ಲಿ ಇರಬಹುದು. ಅದಕ್ಕೆ ಕಾರಣವಿದೆ. ಅಲ್ಲಿ ಇಂಗ್ಲಿಷ್ ಕಲಿಸುವ ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೇ ಕೊಡುತ್ತಿದ್ದರು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದ ಅರ್ಹ ಭಾರತೀಯ ಶಿಕ್ಷಕರಿಗೂ ಸಹಾಯಕ ಶಿಕ್ಷಕರಾಗುವ ಬಾಗಿಲು ತೆರೆಯಿತು.

ಹಾಗೆಂದು ನೀವು ಅಮೆರಿಕನ್ ಧಾಟಿಯನ್ನು ನಟಿಸಬೇಡಿ. ಕನ್ನಡ ಮನೆಮಾತಿನವರಾಗಿ ಇಂಗ್ಲಿಷನ್ನು ಕಷ್ಟಪಟ್ಟು ಕಲಿತದ್ದೇ ಇಲ್ಲಿ ನಿಮ್ಮ ದೊಡ್ಡ ಬಂಡವಾಳ. ಕೊರಿಯನ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ಪದದ ಹಿಂದೆಯೇ ಅಂಟುತ್ತದೆ, ‘ಎ’, ‘ದಿ’ಗಳ ಕಾಟವಿಲ್ಲ. ಮಗು ಎಲ್ಲಿ ಎಡವುತ್ತದೆಂದು ಇಂಗ್ಲಿಷ್ ಮನೆಮಾತಿನವರಿಗಿಂತ ನಿಮಗೆ ಬೇಗ ಗೊತ್ತಾಗುತ್ತದೆ. ಅಲ್ಲಿ ಇಂಗ್ಲಿಷಿನ ‘ಎಫ್’ ಧ್ವನಿ ಇಲ್ಲ, ಕಾಫಿ ಅವರ ಬಾಯಲ್ಲಿ ಕೊಪಿ. ನಮ್ಮ ಅಜ್ಜಿಯರ ಬಾಯಲ್ಲಿ ಕಾಪಿ. ‘ಊಟ ಬೇಡ್ವಾ?’ ಎಂದರೆ ನಾವು ‘ಹೂಂ, ಬೇಡ’ ಎನ್ನುವ ಹಾಗೆಯೇ ಕೊರಿಯನ್ ಮಗುವೂ ಬೇಡ ಎನ್ನುವುದಕ್ಕೆ ‘ಯೆಸ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಅದು ‘ನೋ’ ಆಗಬೇಕು. ‘ನಮ್ಮ ಭಾಷೆಯಲ್ಲೂ ನಿಮ್ಮ ಹಾಗೇ, ನಾನೂ ಇಲ್ಲೇ ತಡವರಿಸಿ ಕಲಿತೆ’ ಎಂದು ಹೇಳಿ. ಈ ಒಂದು ಮಾತು ಮಾಡುವ ಕೆಲಸವನ್ನು ಹತ್ತು ಆಟಗಳು ಮಾಡಲಾರವು.

ಹಂತ 6: ಮಾತಿಗೆ ವಿಷಯ

ಉತ್ತರ ಕೊರಿಯಾವೋ ದಕ್ಷಿಣ ಕೊರಿಯಾವೋ ಎಂದು ಕೇಳಬೇಡಿ. ನಾಯಿ ಮಾಂಸದ ಮಾತು ಎತ್ತಲೇಬೇಡಿ. ಎಲ್ಲ ಮಕ್ಕಳಿಗೂ ಬಿಟಿಎಸ್ ಹಾಡಿನ ತಂಡ ಇಷ್ಟ ಎಂದು ತೀರ್ಮಾನಿಸಬೇಡಿ. ಬದಲಿಗೆ ಇವನ್ನು ಮಾತಿಗೆ ತನ್ನಿ. ಆಗಸ್ಟ್ 15 ಎರಡೂ ದೇಶಗಳ ಸ್ವಾತಂತ್ರ್ಯದ ದಿನ: ಕೊರಿಯಾ 1945ರಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆ ಹೊಂದಿತು, ನಾವು 1947ರಲ್ಲಿ. ಅವರ ಚೂಸಾಕ್ ಹಬ್ಬ ಹುಣ್ಣಿಮೆಯಂದು ಬರುತ್ತದೆ, ಆ ದಿನ ಹಿರಿಯರಿಗೆ ಎಡೆ ಇಡುತ್ತಾರೆ. ನಮ್ಮ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದನ್ನು ನೀವು ಹೇಳಿ, ಅವರದ್ದನ್ನು ಮಗುವಿನಿಂದ ಹೇಳಿಸಿ. ಮೇ 15 ಅಲ್ಲಿನ ಶಿಕ್ಷಕರ ದಿನ, ಕೊರಿಯನ್ ಲಿಪಿ ಕೊಟ್ಟ ರಾಜ ಸೇಜೊಂಗ್ ಹುಟ್ಟಿದ ದಿನ. ಮಗುವಿನ ಕೈಯಲ್ಲಿ ಆ ಲಿಪಿಯಲ್ಲಿ ನಿಮ್ಮ ಹೆಸರು ಬರೆಸಿ, ಅದರ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ.

ಹಂತ 7: ತಾಯಿಯೊಡನೆ

ಮನೆಯಲ್ಲಿ ನಿಮ್ಮೊಡನೆ ಹೆಚ್ಚು ವ್ಯವಹರಿಸುವವರು ತಾಯಿಯೇ ಆಗಿರಬಹುದು. ವಾಟ್ಸಾಪ್ ಜೊತೆ ಕೊರಿಯನ್ನರ ಚಾಟ್ ಆ್ಯಪ್ ಕಕಾವೊಟಾಕ್ ಕೂಡ ಫೋನಿಗೆ ಹಾಕಿಕೊಳ್ಳಿ. ಸಂದೇಶಗಳು ಚಿಕ್ಕ ಚಿಕ್ಕ ವಾಕ್ಯಗಳಲ್ಲಿರಲಿ, ಅವರು ಅನುವಾದದ ಆ್ಯಪ್‌ನಲ್ಲಿ ಓದುತ್ತಿರಬಹುದು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ತಡವಾಗುವ ಮೊದಲೇ ತಿಳಿಸಿ. ಮಗು ಏನು ತಪ್ಪು ಮಾಡಿತೆಂದು ಅದರ ಎದುರಿಗೇ ತಾಯಿಗೆ ಹೇಳಬೇಡಿ. ನಿಮ್ಮ ಮುಂದೆ ಆಡಿದ ತಪ್ಪು ಇಂಗ್ಲಿಷ್ ಹೊರಗೆ ಹೋಗುವುದಿಲ್ಲ ಎಂಬ ಭರವಸೆ ಮಗುವಿಗೆ ಬೇಕು.

ತಿಂಗಳು ಮುಗಿಯುವಾಗ ಒಂದನ್ನು ಗಮನಿಸಿ. ನೀವು ಕೇಳದೆಯೇ ಮಗು ನಿಮಗೊಂದು ಪ್ರಶ್ನೆ ಹಾಕಿತೇ? ತಪ್ಪು ಇಂಗ್ಲಿಷಿನಲ್ಲಾದರೂ ಸರಿ, ಹಾಕಿದ್ದರೆ ವ್ಯಾಕರಣದ ಪುಸ್ತಕ ತೆರೆಯಿರಿ. ಇಲ್ಲದಿದ್ದರೆ ಪುಸ್ತಕ ಇನ್ನೊಂದು ತಿಂಗಳು ಕಾಯಲಿ, ನೀವು ಮೂರನೇ ಹಂತವನ್ನೇ ಮುಂದುವರಿಸಿ.